ಮಿಸ್ ನಿಲ್ಲದ ಒಂದೇ ಅಂಗಡಿ

ನಮ್ಮ ಬೀದಿಯಲ್ಲಿ ಸಂಜೆ ಯಾವ ಮಗುವಿಗೆ ಬೈಗುಳ, ಯಾವ ಮಗುವಿಗೆ ಮುದ್ದು ಎಂಬುದನ್ನು ತೀರ್ಮಾನಿಸುತ್ತಿದ್ದವರು ಆರನೇ ಕ್ಲಾಸಿನ ಮಿಸ್. ಬೇರೆ ಟೀಚರುಗಳು ಬೆಲ್ ಹೊಡೆದದ್ದೇ ತಡ, ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟಾಪಿಗೆ ಓಡುತ್ತಿದ್ದರು. ಈ ಮಿಸ್ ಮಾತ್ರ ಸುತ್ತು ದಾರಿ ಹಿಡಿದು ಬೀದಿಯುದ್ದಕ್ಕೂ ನಡೆದು ಮನೆ ಸೇರುತ್ತಿದ್ದರು. ದಾರಿಯಲ್ಲಿ ತಮ್ಮ ಕ್ಲಾಸಿನ ಮಕ್ಕಳ ಅಪ್ಪನೋ ಅಮ್ಮನೋ ಸಿಕ್ಕಿದರೆ ನಿಲ್ಲುವುದು, ಆ ದಿನ ಕಣ್ಣಾರೆ ಕಂಡ ಒಂದು ಸಂಗತಿ ಹೇಳುವುದು, ಮುಂದೆ ಹೋಗುವುದು. ಕೂತ್ಕೊಳ್ಳಿ ಅಂದರೆ ಕೂರುವವರಲ್ಲ, ಟೀ ಕುಡೀರಿ ಅಂದರೆ ಕುಡಿಯುವವರೂ ಅಲ್ಲ.

ಹೆಡ್‌ಮಾಸ್ಟರು ಫೋನಿನಲ್ಲಿ ಪೋಷಕರದೊಂದು ಗ್ರೂಪು ಮಾಡಿಸಿದ್ದರು, ಇಲ್ಲವೆನ್ನುವುದಿಲ್ಲ. ಅದರಲ್ಲಿ ಬೆಳಗಾದರೆ ಹೂವಿನ ಚಿತ್ರ, ರಾತ್ರಿಯಾದರೆ ಚಂದ್ರನ ಚಿತ್ರ, ನಡುವೆ ಯಾರದೋ ಮಗುವಿನ ಕಳೆದುಹೋದ ನೀರಿನ ಬಾಟಲಿ. ಮಿಸ್ ಅದರ ಗೊಡವೆಗೇ ಹೋಗಲಿಲ್ಲ. "ಫೋನಲ್ಲಿ ಹೇಳಿದ್ರೆ ನಿಮ್ಮ ಮುಖ ಕಾಣಲ್ವಲ್ಲ" ಅನ್ನುತ್ತಿದ್ದರು.

ನನ್ನದು ಹೊಲಿಗೆ ಅಂಗಡಿ. ಯೂನಿಫಾರ್ಮ್ ಹೊಲಿಯುವುದು, ಕಿತ್ತುಹೋದ ಜಿಪ್ ಹಾಕುವುದು, ಉದ್ದ ಬೆಳೆದ ಮಕ್ಕಳ ಪ್ಯಾಂಟಿನ ಮಡಿಕೆ ಬಿಚ್ಚುವುದು, ಇಂಥವೇ. ಆ ವರ್ಷ ನನ್ನ ಮಗನೂ ಆರನೇ ಕ್ಲಾಸು. ಶಾಲೆ ಶುರುವಾದ ಹೊಸದರಲ್ಲೇ ಮಿಸ್ ನನ್ನ ಅಂಗಡಿ ಮುಂದೆ ನಿಂತರು. "ನಿಮ್ಮ ಮಗ ಇವತ್ತು ಚಾಕ್‌ಪೀಸ್ ತಿಂದ. ಬಿಳೀದೂ ತಿಂದ, ನೀಲೀನೂ ತಿಂದ. ಯಾಕೋ ಅಂದ್ರೆ, ರುಚಿ ಬೇರೆ ಇರುತ್ತಾ ಅಂತ ನೋಡ್ದೆ ಅಂದ. ನೀಲೀನೇ ವಾಸಿಯಂತೆ." ಇಷ್ಟು ಹೇಳಿ ಹೊರಟೇ ಹೋದರು. ಬೈದರೋ ಹೊಗಳಿದರೋ ಗೊತ್ತಾಗದೆ ನಾನು ಸೂಜಿ ಹಿಡಿದುಕೊಂಡು ಹಾಗೇ ಕೂತಿದ್ದೆ.

ಮೆಡಿಕಲ್ ಶಾಪಿನವನಿಗೆ ಒಂದು ದಿನ ಹೀಗೆ ಹೇಳಿದರು: "ನಿಮ್ಮ ಮಗ ಜಗಳ ಬಿಡಿಸೋಕೆ ಹೋಗಿ ತಾನೇ ಏಟು ತಿಂದ. ಅಳಲಿಲ್ಲ. ಆದ್ರೆ ನಲ್ಲಿ ಹತ್ರ ಹೋಗಿ ತುಂಬ ಹೊತ್ತು ಮುಖ ತೊಳ್ಕೊಂಡ." ಯಾವತ್ತೂ ಗಿರಾಕಿ ಬಿಟ್ಟು ಏಳದ ಆ ಮನುಷ್ಯ ಅವತ್ತು ಬೇಗ ಬಾಗಿಲೆಳೆದು ಮನೆಗೆ ಹೋದ. ಮಿಸ್ ಸುದ್ದಿ ಅಂದರೆ ಹಾಗೆ. ಮಾರ್ಕ್ಸ್ ಕಾರ್ಡು ನೋಡಿ ಮಗನ ಕಿವಿ ಹಿಂಡುತ್ತಿದ್ದವರು ಈ ಸುದ್ದಿ ಕೇಳಿ ಮಗನ ಮುಖ ನೋಡತೊಡಗಿದ್ದರು.

ಇಡೀ ಬೀದಿಯಲ್ಲಿ ಮಿಸ್ ನಿಲ್ಲದೆ ದಾಟಿ ಹೋಗುತ್ತಿದ್ದದ್ದು ಒಂದೇ ಅಂಗಡಿ. ಅದು ನನ್ನ ಪಕ್ಕದ್ದು. ಬೀಗ ರಿಪೇರಿ, ಡೂಪ್ಲಿಕೇಟ್ ಕೀ ಮಾಡುವ ಗೂಡಂಗಡಿ. ಅದರೊಳಗೆ ಕೂರುತ್ತಿದ್ದ ಬೀಗದಣ್ಣ ಬೇರೆ ಯಾರೂ ಅಲ್ಲ, ಮಿಸ್ಸಿನ ಗಂಡ. ಅವರ ಒಬ್ಬಳೇ ಮಗಳು ಆ ವರ್ಷ ಅಮ್ಮನ ಕ್ಲಾಸಿಗೇ ಬಂದಿದ್ದಳು. ಆ ಹುಡುಗಿ ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ದನಿಯೂ ಸಣ್ಣ. ಅದಕ್ಕೇ ನಾವೆಲ್ಲ ಅವಳನ್ನು ಪಿಟೀಲು ಅಂತಲೇ ಕರೆಯುತ್ತಿದ್ದೆವು.

ಹಿಂದೆ ಆ ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರ ಮಗ ಅವರ ಕ್ಲಾಸಿನಲ್ಲಿರುವವರೆಗೂ ಅವನೇ ಫಸ್ಟು, ಅವನೇ ಲೀಡರು, ನಾಟಕದಲ್ಲಿ ಅವನೇ ರಾಜ. ಆಡಿಕೊಂಡು ಆಡಿಕೊಂಡು ನಮ್ಮೆಲ್ಲರ ಬಾಯಿ ನೋಯುತ್ತಿತ್ತು. ತಮ್ಮನ್ನು ಯಾರೂ ಹಾಗೆ ಆಡಿಕೊಳ್ಳಬಾರದೆಂದು ಮಿಸ್ ಮೊದಲೇ ಹಟ ಹಿಡಿದರು. ಶಾಲೆಯಲ್ಲಿ ಮಗಳು ಅವರನ್ನು ಮಿಸ್ ಅನ್ನಬೇಕು. ಮನೆಯಲ್ಲಿ ಕ್ಲಾಸಿನ ವಿಷಯ ತುಟಿ ಪಿಟಿಕ್ಕೆನ್ನಬಾರದು. ಊಟದ ಹೊತ್ತಿಗೆ ಪಿಟೀಲು "ಇವತ್ತು ಸೈನ್ಸ್ ಪೀರಿಯಡ್ಡಲ್ಲಿ..." ಅಂತ ಶುರು ಮಾಡಿದರೆ ಸಾಕು, "ಶಾಲೆದು ಶಾಲೇಲಿ" ಅಂತ ಅಮ್ಮನ ದನಿ. ಹುಡುಗಿ ಅನ್ನದ ಜೊತೆ ಮಾತನ್ನೂ ನುಂಗುತ್ತಿದ್ದಳು.

ಹೀಗಾಗಿ ಬೀದಿಗೆಲ್ಲ ಆರನೇ ಕ್ಲಾಸಿನ ಸುದ್ದಿ ಗೊತ್ತು, ಆ ಕ್ಲಾಸಿನ ಮಿಸ್ಸನ್ನೇ ಕಟ್ಟಿಕೊಂಡವನಿಗೆ ಗೊತ್ತಿಲ್ಲ. ಊರ ಬೀಗವನ್ನೆಲ್ಲ ತೆಗೆಯುವವನಿಗೆ ಹೆಂಡತಿಯ ಬಾಯಿ ತೆಗೆಸಲಾಗಲಿಲ್ಲ ಅಂತ ನಾವು ಅವನೆದುರೇ ನಗುತ್ತಿದ್ದೆವು. ಅವನೂ ನಗುತ್ತಿದ್ದ. ಆದರೆ ಮಿಸ್ ನನ್ನ ಅಂಗಡಿ ಮುಂದೆ ನಿಂತರೆ ಸಾಕು, ಪಕ್ಕದಲ್ಲಿ ಕರ್ರೆನ್ನುತ್ತಿದ್ದ ಕೀ ಕೊರೆಯುವ ಮಷೀನು ಗಕ್ಕನೆ ನಿಲ್ಲುತ್ತಿತ್ತು. ಅವನ ಕತ್ತು ಕೊಕ್ಕರೆಯ ಕತ್ತಿನಷ್ಟು ಉದ್ದವಾಗುತ್ತಿತ್ತು. ಮಿಸ್ ನನ್ನ ಜೊತೆ ಮಾತು ಮುಗಿಸಿ, ಗೂಡಂಗಡಿಯ ಕಡೆ ತಿರುಗಿ, "ಹಾಲು ತಂದ್ರಾ?" ಅಂತ ಕೇಳಿ ಮುಂದೆ ನಡೆಯುತ್ತಿದ್ದರು.

ಅವರು ಮರೆಯಾದ ಮೇಲೆ ಅವನು ನನ್ನ ಅಂಗಡಿಗೆ ಬರುತ್ತಿದ್ದ. "ಅಕ್ಕಾ, ನಿಮ್ಮ ಮಗ ಏನಾದ್ರೂ ಅಂದ್ನಾ? ನಮ್ಮ ಪಿಟೀಲು ವಿಷಯ?"

ನಾನೇನು ಧರ್ಮಕ್ಕೆ ಹೇಳುತ್ತಿದ್ದೆನೆ? ಒಂದು ಸುದ್ದಿಗೆ ಒಂದು ಸಲ ನನ್ನ ಕತ್ತರಿಗೆ ಸಾಣೆ ಹಿಡಿದು ಕೊಡಬೇಕಿತ್ತು. ಪಿಟೀಲು ಪದ್ಯ ಬಾಯಿಪಾಠ ಒಪ್ಪಿಸಿದಳಂತೆ, ಒಂದು ಸಾಣೆ. ಓಟದಲ್ಲಿ ಬಿದ್ದರೂ ಎದ್ದು ಓಡಿದಳಂತೆ, ಇನ್ನೊಂದು ಸಾಣೆ. ಸುದ್ದಿ ಇಲ್ಲದ ದಿನ ನಾನೇ ಒಂದು ಹೊಲಿದು ಕೊಡುತ್ತಿದ್ದೆ. ಹೊಲಿಯುವುದೇ ನನ್ನ ಕಸುಬು ತಾನೇ. ಆ ವರ್ಷದಷ್ಟು ಹರಿತವಾದ ಕತ್ತರಿ ನನ್ನ ಕೈಯಲ್ಲಿ ಯಾವತ್ತೂ ಇರಲಿಲ್ಲ.

ಅಪ್ಪ ಹೀಗೆ ಗಾಳ ಹಾಕಿ ಕೂತಿದ್ದಾಗ ಮಗಳೂ ಸುಮ್ಮನಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳು ನನ್ನ ಅಂಗಡಿಯಲ್ಲಿ ಬಟ್ಟೆ ಚೂರು ಆರಿಸುತ್ತ ಕೂರುತ್ತಿದ್ದಳು. ಬೇರೆ ಮಕ್ಕಳ ಸುದ್ದಿ ಅವರವರ ಮನೆಗೆ ಮುಟ್ಟುವುದನ್ನು ಅಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ನಾನೇ ಕೆಣಕಿದೆ. "ಅಲ್ಲ ಕಣೇ, ಅಮ್ಮ ಹೇಳ್ದಿದ್ರೆ ಏನಂತೆ, ಇಲ್ಲೇ ಪಕ್ಕದಲ್ಲಿದಾನೆ ನಿಮ್ಮಪ್ಪ. ಹೋಗಿ ನೀನೇ ಹೇಳು."

"ನಾನೇ ಹೇಳಿದ್ರೆ ಏನ್ ಬಂತು ಆಂಟಿ? ಮಿಸ್ ಹೇಳ್ಬೇಕು" ಅಂದಳು.

ಮಾತು ಸರಿಯಾಗಿಯೇ ಇತ್ತು. ನಾನು ಚೆನ್ನಾಗಿ ಹೊಲಿಯುತ್ತೇನೆ ಅಂತ ನಾನೇ ಬೋರ್ಡು ಹಾಕಿಕೊಂಡಿದ್ದೇನೆ. ಯಾವ ಗಿರಾಕಿಯೂ ಅದನ್ನು ಓದಿ ಒಳಗೆ ಬಂದಿಲ್ಲ.

ಮೊದಮೊದಲು ಪಿಟೀಲು ಒಳ್ಳೆಯ ದಾರಿಯಲ್ಲೇ ಪ್ರಯತ್ನಪಟ್ಟಳು. ಬೋರ್ಡು ಒರೆಸಿದಳು, ಬೆಂಚು ಸಾಲು ಮಾಡಿದಳು, ಹೊಸದಾಗಿ ಸೇರಿದ ಹುಡುಗಿಗೆ ತನ್ನ ಬಣ್ಣದ ಪೆನ್ಸಿಲು ಕೊಟ್ಟಳು. ಮಿಸ್ ಬಾಯಿ ಬಿಡಲಿಲ್ಲ. ಆಮೇಲೆ ಹುಡುಗಿ ಬಾಲ ಬಿಚ್ಚಿದಳು. ಎಲ್ಲರ ಚೀಲದ ಪಟ್ಟಿಗಳನ್ನು ಒಂದಕ್ಕೊಂದು ಗಂಟು ಹಾಕಿದ್ದಕ್ಕೆ, ಶಾಲೆ ಬಿಟ್ಟಾಗ ಆರನೇ ಕ್ಲಾಸು ರೈಲಿನಂತೆ ಹೊರಗೆ ಬಂತು. ಮಿಸ್ ಗಂಟು ಬಿಚ್ಚಿಸಿದರು, ಮನೆಗೆ ಸುದ್ದಿಯಿಲ್ಲ. ಕೊನೆಗೊಂದು ದಿನ ಪ್ಯೂನು ಊಟಕ್ಕೆ ಕೂತಿದ್ದಾಗ ಅವಳೇ ಹೋಗಿ ಶಾಲೆ ಬಿಡುವ ಬೆಲ್ಲು ಹೊಡೆದುಬಿಟ್ಟಳು. ಇಡೀ ಶಾಲೆ ಹೋ ಅಂತ ಗೇಟು ದಾಟಿತು. ಎಷ್ಟೋ ಮಕ್ಕಳು ಮನೆ ಸೇರಿ ಕೈಕಾಲು ತೊಳೆದ ಮೇಲೆ ಹೆಡ್‌ಮಾಸ್ಟರಿಗೆ ವಿಷಯ ಗೊತ್ತಾದದ್ದು.

ಇಂಥ ಪ್ರತಾಪಕ್ಕೆ ಬೇರೆ ಯಾವ ಮಗುವಾಗಿದ್ದರೂ ಅಪ್ಪನನ್ನು ಕರೆಸುತ್ತಿದ್ದರು. ಅವತ್ತು ಸಂಜೆ ಪಿಟೀಲು ನನ್ನ ಅಂಗಡಿಯಲ್ಲಿ ನೇತುಹಾಕಿದ್ದ ಕೋಟುಗಳ ಹಿಂದೆ ಅಡಗಿ ನಿಂತಳು. ಮುಖದ ತುಂಬ ಗೆದ್ದ ಕಳೆ. ಮಿಸ್ ಬಂದರು, ನಿಂತರು. ಪಕ್ಕದ ಮಷೀನು ನಿಂತಿತು.

"ನಿಮ್ಮ ಮಗ ಇವತ್ತು ಬೇಗ ಬಂದ್ನಲ್ಲ, ಅದು ಅವನ ತಪ್ಪಲ್ಲ" ಅಂದರು ಮಿಸ್. "ಯಾರೋ ಒಬ್ಬ ಹುಡುಗಿ ಬೆಲ್ ಹೊಡೆದುಬಿಟ್ಟಿದ್ಲು."

ಆಮೇಲೆ ಗೂಡಂಗಡಿಯ ಕಡೆ ತಿರುಗಿ ಹಾಲು ಕೇಳಿ ಹೋದರು.

ಕೋಟುಗಳನ್ನು ಸರಿಸಿ ನೋಡಿದೆ. ಪಿಟೀಲು ಸದ್ದಿಲ್ಲದೆ ಅಳುತ್ತಿದ್ದಳು. ಬಾಯಿ ಮುಚ್ಚದ ಹುಡುಗಿ ಸದ್ದಿಲ್ಲದೆ ಅಳುವುದನ್ನು ನೋಡಲಾಗುವುದಿಲ್ಲ. ನನಗೆ ಮಿಸ್ ಮೇಲೆ ಕೆಟ್ಟ ಸಿಟ್ಟು ಬಂತು. ಬೀದಿಯವರ ಬಾಯಿಗೆ ಹೆದರಿ ಹೆತ್ತ ಮಗಳನ್ನು ಯಾರೋ ಒಬ್ಬಳು ಅನ್ನುವುದು ಯಾವ ಸೀಮೆಯ ನ್ಯಾಯ? ಆ ಬೀದಿಯ ಬಾಯಲ್ಲಿ ಅರ್ಧ ನನ್ನದೇ ಅನ್ನುವುದು ಬೇರೆ ಮಾತು.

ನೆಟ್ಟಗೆ ಬೀಗದಣ್ಣನ ಹತ್ತಿರ ಹೋದೆ. "ಶನಿವಾರ ಪೋಷಕರ ಸಭೆ ಇದೆ. ಹೋಗು."

"ಅಯ್ಯೋ, ನಾನ್ಯಾಕಕ್ಕ? ಹೆಂಡ್ತಿ ಬರೋದು ಬೇಡ ಅಂದಿದಾಳೆ. ಮನೆಯಲ್ಲೇ ಟೀಚರ್ ಇಟ್ಕೊಂಡು ಸಭೆಗೆ ಬಂದ ಅಂತ ಜನ ನಗಲ್ವಾ? ಮನೆಯಲ್ಲೇ ಎಲ್ಲ ಕೇಳ್ಬೋದಲ್ಲ ಅಂತಾರೆ."

"ಮನೆಯಲ್ಲಿ ಏನು ಕೇಳಿಸುತ್ತೆ ನಿಂಗೆ?"

ಅವನು ಸ್ವಲ್ಪ ಯೋಚಿಸಿದ. "ಹಾಲು" ಅಂದ.

ಶನಿವಾರ ಬಂದೇ ಬಂದ. ನುಣ್ಣಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ಸಂದಿಯ ಎಣ್ಣೆಕಪ್ಪು ಮಾತ್ರ ಹೋಗದೆ, ಸಾಲಿನಲ್ಲಿ ನನ್ನ ಮುಂದೆ ನಿಂತ. ಪಕ್ಕದಲ್ಲಿ ಪಿಟೀಲು, ಜಡೆ ಬಿಗಿದು, ಬಾಯಿ ಬಿಗಿದು. ಅವರವರ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಿಸ್ ಎದುರು ಕೂರಬೇಕೆಂಬುದು ಸಭೆಯ ನಿಯಮ. ಹಿಂದಿದ್ದವರಿಗೆಲ್ಲ ತಮ್ಮ ಮಕ್ಕಳು ಮರೆತೇಹೋಗಿ, ಗಂಡ ಹೆಂಡತಿ ಏನು ಮಾತಾಡುತ್ತಾರೆ ಅನ್ನುವುದೇ ಚಿಂತೆಯಾಯಿತು.

"ಮುಂದಿನೋರು" ಅಂತ ಮಿಸ್ ತಲೆಯೆತ್ತಿದರು. ಗಂಡನನ್ನು ನೋಡಿದರು. ದನಿ ತಗ್ಗಿಸಿ, "ನೀವ್ಯಾಕೆ ಬಂದ್ರಿ?" ಅಂದರು.

ಬೀದಿಯಲ್ಲೂ ಮನೆಯಲ್ಲೂ ಹೆಂಡತಿಯನ್ನು ನೀನು ಅಂತಲೇ ಕರೆಯುವ ಮನುಷ್ಯ ಕೈಕಟ್ಟಿ ಕೂತು ಹೇಳಿದ: "ನಾನು ನಿಮ್ಮ ಕ್ಲಾಸಿನ ಒಬ್ಬ ಹುಡುಗಿ ಅಪ್ಪ, ಮಿಸ್. ನನ್ನ ಮಗಳ ವಿಷಯ ಎಲ್ಲ ಕಡೆ ಕೇಳ್ಕೊಂಡು ಸಾಕಾಯ್ತು. ನಿಮ್ಮ ಬಾಯಿಂದ ಕೇಳೋಣ ಅಂತ ಬಂದೆ. ಹೇಳಿ."

ಯಾರೋ ಹಿಂದೆ ಕಿಸಕ್ಕೆಂದರು. ನಾನು ತಿರುಗಿ ಕಣ್ಣು ಬಿಟ್ಟೆ.

ಮಿಸ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಚೆನ್ನಾಗಿದಾಳೆ" ಅಂದರು. "ಚೆನ್ನಾಗಿ ಓದ್ತಾಳೆ."

ಅದು ಬೇರೆ ಟೀಚರುಗಳ ಮಾತು. ಮಗು ಯಾವುದೆಂದೇ ನೆನಪಿಲ್ಲದಾಗ ಅವರು ಆಡುವ ಮಾತು. ಈ ಮಿಸ್ ಬಾಯಿಂದ ಯಾವ ಮಗುವಿನ ಬಗ್ಗೆಯೂ ನಾನು ಅದನ್ನು ಕೇಳಿರಲಿಲ್ಲ.

"ಆಮೇಲೆ?" ಅಂದ ಅವನು.

"ಆಮೇಲೆ..." ಅಂದು ಮಿಸ್ ನಿಲ್ಲಿಸಿದರು. ಚಾಕ್‌ಪೀಸ್ ತಿಂದವನನ್ನು ಕಂಡ ಕಣ್ಣು, ನಲ್ಲಿಯ ಬಳಿ ಮುಖ ತೊಳೆದವನನ್ನು ಕಂಡ ಕಣ್ಣು, ಈಗ ಮೇಲಿನ ಫ್ಯಾನು ನೋಡುತ್ತಿತ್ತು. ಮಗಳ ಕಡೆ ಹೆಚ್ಚು ನೋಡಬಾರದು ಅಂತ ಹಟ ಹಿಡಿದು ಹಿಡಿದು ಆಕೆ ನೋಡುವುದನ್ನೇ ಬಿಟ್ಟಿದ್ದರು. ನಮಗೆಲ್ಲ ಗೊತ್ತಾಗುವ ಹೊತ್ತಿಗೇ ಅವರಿಗೂ ಅದು ಗೊತ್ತಾಯಿತು ಅಂತ ಕಾಣುತ್ತದೆ, ಮುಖ ಕೆಂಪಾಯಿತು.

ಬೀಗದಣ್ಣ ಒಳ್ಳೆಯವನು, ಹೆಂಡತಿಯನ್ನು ಪಾರು ಮಾಡಲು ನೋಡಿದ. "ಹೋಗ್ಲಿ ಬಿಡಿ ಮಿಸ್. ಎಲ್ಲಿ ಕೂತ್ಕೋತಾಳೆ, ಅದನ್ನಾದ್ರೂ ಹೇಳಿ."

ಮಿಸ್ ಬೆಂಚುಗಳ ಕಡೆ ನೋಡಿದರು. ಮುಂದಿನ ಬೆಂಚಿನತ್ತ ಅರ್ಧ ಕೈಯೆತ್ತಿ ಇಳಿಸಿದರು.

ಆಗ ಪಿಟೀಲು ಒಂದು ಹೆಜ್ಜೆ ಮುಂದೆ ಬಂದು, ಹೊಸದಾಗಿ ಸೇರಿದ ಮಗು ತನ್ನ ಪರಿಚಯ ಹೇಳಿಕೊಳ್ಳುವ ಹಾಗೆ ಹೇಳಿದಳು: "ಮೂರನೇ ಬೆಂಚು, ಮಿಸ್. ಕಿಟಕಿ ಪಕ್ಕ. ಬೆಲ್ ಹೊಡೆದ ಮಾರನೇ ದಿನ ನೀವೇ ಅಲ್ಲಿಗೆ ಕಳಿಸಿದ್ರಿ."

ಯಾರೂ ನಗಲಿಲ್ಲ. ಮಿಸ್ ತುಂಬ ಹೊತ್ತು ಮಗಳನ್ನೇ ನೋಡಿದರು. ಆಮೇಲೆ ಗಂಡನಿಗೆ, "ಈಗ ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಸೋಮವಾರ ಸಂಜೆ ನಿಮ್ಮ ಅಂಗಡಿ ಹತ್ರ ಬರ್ತೀನಿ" ಅಂದರು. ನನ್ನ ಸರದಿ ಬಂದಾಗ ನನ್ನ ಮಗನ ವಿಷಯ ಏನೇನೋ ಹೇಳಿದರು. ಒಂದೂ ನನ್ನ ತಲೆಗೆ ಹೋಗಲಿಲ್ಲ.

ಸೋಮವಾರ ಸಂಜೆ ಬೀದಿಯಲ್ಲಿ ಎಲ್ಲರಿಗೂ ಗೂಡಂಗಡಿಯ ಹತ್ತಿರವೇ ಏನೋ ಕೆಲಸ. ಮೆಡಿಕಲ್ ಶಾಪಿನವನು ಸರಿಯಾಗಿಯೇ ಇದ್ದ ಬೀಗವೊಂದನ್ನು ರಿಪೇರಿಗೆ ತಂದಿದ್ದ. ನಾನು ಗುಂಡಿ ಹೊಲಿಯುವವಳ ಹಾಗೆ ಬಾಗಿಲಲ್ಲೇ ಕೂತಿದ್ದೆ. ಪಿಟೀಲು ಕೋಟುಗಳ ಹಿಂದೆ ಇರಲಿಲ್ಲ, ರಾಜಾರೋಷವಾಗಿ ಅಪ್ಪನ ಪಕ್ಕದ ಸ್ಟೂಲಿನಲ್ಲಿದ್ದಳು.

ಮಿಸ್ ಬಂದರು. ನನ್ನನ್ನು ದಾಟಿದರು. ಗೂಡಂಗಡಿಯ ಮುಂದೆ ಬ್ಯಾಗು ಹಿಡಿದು ನಿಂತರು.

"ನಿಮ್ಮ ಮಗಳು ಇವತ್ತು ಪಾಠ ಕೇಳದೆ ಕಿಟಕಿಯಿಂದ ಆಚೆ ನೋಡ್ತಾ ಕೂತಿದ್ಲು" ಅಂದರು. "ಬೈಯೋಕೆ ಅಂತ ಪಕ್ಕಕ್ಕೆ ಹೋದೆ. ಏನು ನೋಡ್ತಾಳೆ ಅಂತ ಬಗ್ಗಿ ನೋಡಿದ್ರೆ, ಮೈದಾನದ ಆಚೆ ನಿಮ್ಮ ಅಂಗಡಿ ಕಾಣುತ್ತೆ. ನೀವು ಮಷೀನ್ ಮೇಲೆ ಬಗ್ಗಿರೋದೂ ಕಾಣುತ್ತೆ."

ಬೀಗದಣ್ಣ ಕೈಯಲ್ಲಿದ್ದ ಕೀಯನ್ನು ಒರೆಸಿದ. ಮತ್ತೆ ಒರೆಸಿದ. "ಬೈದ್ರಾ?" ಅಂದ.

"ಬೈದೆ. ಪಾಠದ ಹೊತ್ತಲ್ಲಿ ಆಚೆ ನೋಡಬಾರದು ಅಂತ ಬೈದೆ." ಮಿಸ್ ಕಣ್ಣು ಮಗಳ ಮೇಲೆಯೇ ಇತ್ತು. "ಜಾಗ ಬದಲಾಯಿಸಲಿಲ್ಲ."

ಅಷ್ಟು ಹೇಳಿ ಅವರು ಮುಂದಿನ ಮನೆಯ ಕಡೆ ನಡೆದರು.