ಕೊಳದಕ್ಕ ಮತ್ತು ಬೆಂಚಿನ ಮೇಲೆ ಈಜಿದವನು

ನಾನು ಆಕೆಯನ್ನು ಮೊದಲು ಕಂಡದ್ದು ನನ್ನ ಮಂಡಿಗಳ ದೆಸೆಯಿಂದ. ನಿವೃತ್ತಿಯಾದ ವರ್ಷವೇ ಎರಡೂ ಮಂಡಿಗಳು ಮೆಟ್ಟಿಲೇರುವಾಗ ಮುಷ್ಕರ ಹೂಡಿದವು. ನೀರಿನಲ್ಲಿ ನಡೆಯಿರಿ, ಮೈಭಾರ ಮಂಡಿಯ ಮೇಲೆ ಬೀಳುವುದಿಲ್ಲ ಎಂದು ವೈದ್ಯರು ಹೇಳಿದರು. ಹಾಗಾಗಿ ಒಂದು ಬೆಳಿಗ್ಗೆ ಹೆಗಲಿಗೆ ಟವೆಲು ಹಾಕಿಕೊಂಡು ಸಾರ್ವಜನಿಕ ಈಜುಕೊಳದ ಬಾಗಿಲಲ್ಲಿ ನಿಂತಿದ್ದೆ. ಗೋಡೆಯ ಮೇಲೆ ನಿಯಮಗಳ ಫಲಕವಿತ್ತು. ಅಭ್ಯಾಸಬಲದಿಂದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ.

"ನೀವು ಮೇಷ್ಟ್ರೇ ಇರಬೇಕು" ಎಂದಿತು ಹಿಂದಿನಿಂದ ಒಂದು ದನಿ. "ಈ ಬೋರ್ಡನ್ನ ಪೂರ್ತಿ ಓದಿದವರು ಇಲ್ಲೀತನಕ ಒಬ್ಬರೂ ಇಲ್ಲ. ತಪ್ಪೇನಾದ್ರೂ ಸಿಕ್ತಾ?"

ಒಂದು ಸಿಕ್ಕಿತ್ತು, ಹೇಳಿದೆ. ಆಕೆ ನಕ್ಕು, ಮೊದಲು ಚಪ್ಪಲಿ ಹೊರಗೆ ಬಿಡಿ, ಆಮೇಲೆ ತಿದ್ದುವಿರಂತೆ ಎಂದರು. ಗಟ್ಟಿಮುಟ್ಟಾದ ಮೈಕಟ್ಟು, ನಲವತ್ತು ದಾಟಿದ ವಯಸ್ಸು, ಕ್ಲೋರಿನ್ನಿಗೆ ಕೆಂಚಾದ ಕೂದಲು, ಸೊಂಟದಲ್ಲಿ ಬೀಗದ ಕೈಗೊಂಚಲು. ಕೊಳದ ಮೇಲ್ವಿಚಾರಕಿ ಆಕೆಯೇ. ಚಿಕ್ಕವರಾಗಿದ್ದಾಗ ಸ್ಪರ್ಧೆಗಳಲ್ಲಿ ಈಜಿದ್ದವರಂತೆ. ಹತ್ತು ವರ್ಷದ ಮಗುವಿನಿಂದ ಎಪ್ಪತ್ತರ ಮುದುಕರವರೆಗೆ ಎಲ್ಲರೂ ಕರೆಯುತ್ತಿದ್ದುದು 'ಕೊಳದಕ್ಕ' ಎಂದೇ. ಆಕೆಯ ಅತ್ತೆ ಮಾತ್ರ ನೆರೆಯವರ ಮುಂದೆ "ನಮ್ಮ ಸೊಸೆ ನೀರು ಕಾಯ್ತಾಳೆ, ಯಾರು ಕದೀತಾರೋ ಗೊತ್ತಿಲ್ಲ" ಎನ್ನುತ್ತಿದ್ದರಂತೆ. ಅದನ್ನೂ ಅಕ್ಕನೇ ನಗುತ್ತ ಹೇಳಿದ್ದು.

ನಾನು ಸೇರಿದ ಮರುವರ್ಷ ಕೊಳದ ಹಳೆಯ ಕಾವಲುಗಾರ ನಿವೃತ್ತನಾದ. ಎತ್ತರದ ಕಬ್ಬಿಣದ ಕುರ್ಚಿಯ ಮೇಲೆ ಕುಳಿತು, ಯಾರಾದರೂ ಮುಳುಗಿದರೆ ಹಾರಿ ಎತ್ತುವವನು ಅವನು. ಅಂಥವನಿಲ್ಲದೆ ಕೊಳ ತೆರೆಯಕೂಡದೆಂಬುದು ನಿಯಮ. ಬೇಸಿಗೆ ಹತ್ತಿರ ಬಂದಿತ್ತು. ಮೇಲಿನ ಕಚೇರಿಯಲ್ಲಿ ಕೊಳದ ಜಾಗವನ್ನು ವಾಹನ ನಿಲ್ಲಿಸಲು ಕೊಡುವ ಮಾತು ಆಗಲೇ ನಡೆದಿತ್ತು. ಕೊಳ ಒಂದು ಬೇಸಿಗೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂಬುದು ಅಕ್ಕನ ಹೆದರಿಕೆಯಾಗಿತ್ತು. ಹಾಗೆ ಹುಡುಕುತ್ತಿದ್ದಾಗ ಬೇರೆ ಊರಿನಿಂದ ಒಬ್ಬ ಬಂದ. ಮೂವತ್ತರ ಆಸುಪಾಸು, ಅಗಲವಾದ ಭುಜ, ಮೃದುವಾದ ಮಾತು. ಅಲ್ಲಿನ ಕೊಳದಲ್ಲಿ ಹಲವು ವರ್ಷ ಇದ್ದೆ, ಕಾವಲೂ ಗೊತ್ತು, ಕಲಿಸುವುದೂ ಗೊತ್ತು ಎಂದ.

ಅವನು ಬಂದ ವಾರ ಕೊಳದಲ್ಲಿ ನೀರಿರಲಿಲ್ಲ. ವರ್ಷಕ್ಕೊಮ್ಮೆ ನೀರು ಬಸಿದು, ತಳದ ಪಾಚಿ ತಿಕ್ಕಿ, ಒಡೆದ ಟೈಲ್ಸ್ ಬದಲಿಸುವ ಕಾಲವದು. ಈಜು ನೋಡುವುದು ಹೇಗೆ? ಅಕ್ಕ ಒಂದು ಉದ್ದ ಬೆಂಚನ್ನು ಖಾಲಿ ಕೊಳದ ಮಧ್ಯಕ್ಕೆ ಇಳಿಸಿ, ಇದರ ಮೇಲೆ ಬೋರಲು ಮಲಗಿ ಕೈಕಾಲು ಆಡಿಸಿ ತೋರಿಸು ಎಂದರು. ಹಳೆಯ ಈಜುಗಾರರು ಹೊಸಬರಿಗೆ ಹೊಡೆತ ಕಲಿಸುವುದು ಹಾಗೆಯೇ, ಮೊದಲು ಬೆಂಚಿನ ಮೇಲೆ, ಆಮೇಲೆ ನೀರಿನಲ್ಲಿ. ಅವನು ಮಲಗಿ ತೋರಿಸಿದ. ಮೊಣಕೈ ಏಳುವ ಬಗೆ, ಉಸಿರಿಗೆ ಕತ್ತು ತಿರುಗುವ ಬಗೆ, ಕಾಲಿನ ಬಡಿತ, ಒಂದೂ ತಪ್ಪಿರಲಿಲ್ಲ. ಮುಳುಗುವವನನ್ನು ಹಿಂದಿನಿಂದ ಹೇಗೆ ಹಿಡಿಯಬೇಕೆಂದು ಟೈಲ್ಸ್ ಕೂರಿಸುತ್ತಿದ್ದ ಗಾರೆಯವನನ್ನೇ ಹಿಡಿದು ತೋರಿಸಿದ. ಗಾರೆಯವನು ಹೆದರಿ ಕರಣೆ ಬಿಟ್ಟನಂತೆ. ಅಕ್ಕನಿಗೆ ಬಹಳ ಮೆಚ್ಚುಗೆಯಾಯಿತು. ನೀರು ತುಂಬಿದ ಮೇಲೆ ಒಮ್ಮೆ ಇಳಿಸಿ ನೋಡಿದರಾಯಿತು ಎಂದುಕೊಂಡರು.

ನೀರು ತುಂಬಿದ ಮೊದಲ ಬೆಳಿಗ್ಗೆ ಅಕ್ಕ ಬರುವಷ್ಟರಲ್ಲಿ ಅವನ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೇಟು ತೆಗೆಯುವ ಮೊದಲೇ ನಾಲ್ಕು ಸುತ್ತು ಹೊಡೆದೆ ಅಕ್ಕ, ಮೈ ಹಗುರಾಯಿತು ಎಂದ. ಮರುದಿನವೂ ಹಾಗೆಯೇ, ಆಮೇಲೆ ದಿನವೂ ಹಾಗೆಯೇ. ಒದ್ದೆ ತಲೆ, ಒದ್ದೆ ಚಡ್ಡಿ, ದಡದ ಮೇಲೆ ಒದ್ದೆ ಹೆಜ್ಜೆಗುರುತು. ಇನ್ನು ಪರೀಕ್ಷೆ ಯಾರಿಗೆ ನೆನಪಿರುತ್ತದೆ?

ಮಕ್ಕಳು ಅವನಿಗೆ 'ಮೀನು ಮಾಸ್ತರ' ಎಂದು ಹೆಸರಿಟ್ಟರು. ಅವನ ಕಲಿಸುವಿಕೆಯನ್ನು ನಾನೂ ಕಂಡಿದ್ದೇನೆ. ನನ್ನ ನೀರಿನ ನಡಿಗೆ ನಡೆಯುತ್ತಿದ್ದುದು ಸೊಂಟದಾಳದ ಕಡೆ, ಅವನ ತರಗತಿಯ ಪಕ್ಕದಲ್ಲೇ. ಅವನು ದಡದ ಮೇಲೆಯೇ ನಿಂತು ಒಂದೊಂದು ಮಗುವಿಗೂ ಬೇರೆ ಬೇರೆ ಮಾತು ಹೇಳುತ್ತಿದ್ದ. ನೀರಿಗಿಳಿದು ಹೇಳಿಕೊಡಬಾರದೇ ಎಂದು ಒಮ್ಮೆ ಕೇಳಿದೆ. ಇಳಿದರೆ ಮಕ್ಕಳ ಕಾಲು ಕಾಣುವುದಿಲ್ಲ ಸಾರ್, ಮೇಲಿನಿಂದಲೇ ಚೆನ್ನಾಗಿ ಕಾಣುವುದು ಎಂದ. ಎಷ್ಟು ಸರಿಯಾದ ಮಾತು ಎಂದು ತಲೆದೂಗಿದೆ. ಮಕ್ಕಳು ಈಜು ಕಲಿತದ್ದೂ ನಿಜ. ತರಗತಿ ಮುಗಿಸಿ ಅವನು ಕಾವಲು ಕುರ್ಚಿ ಹತ್ತುತ್ತಿದ್ದ.

ಆಳದ ಕಡೆಯ ಖಾಯಂ ಗಿರಾಕಿ ಒಬ್ಬರಿದ್ದರು. ಹಿಂದೆ ಲಾರಿ ಓಡಿಸುತ್ತಿದ್ದವರು, ತುಂಬು ಹೊಟ್ಟೆಯವರು. ನೀರಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರೆ ಗಂಟೆಗಟ್ಟಲೆ ತೇಲುತ್ತಿದ್ದರು. ಅವರಿಗೆ 'ದೋಣಿ ಮಾವ' ಎಂದು ಹೆಸರು. ಅವರ ಮೇಲೆ ಯಾರೂ ಕಣ್ಣಿಡುತ್ತಿರಲಿಲ್ಲ. ದೋಣಿಯ ಮೇಲೆ ಕಣ್ಣಿಡುವುದೇಕೆ?

ಒಂದು ಬೆಳಿಗ್ಗೆ ನಾನು ನೀರಿನಲ್ಲಿ ನಡೆಯುತ್ತ ಕುರ್ಚಿಯ ಕಡೆ ಮುಖ ಮಾಡಿದ್ದೆ. ಮೀನು ಮಾಸ್ತರ ಥಟ್ಟನೆ ಎದ್ದು ನಿಂತ. ಸೀಟಿ ಬಾಯಲ್ಲಿತ್ತು, ಊದಲಿಲ್ಲ. ಎರಡೂ ಕೈಗಳು ಕುರ್ಚಿಯ ಸರಳನ್ನು ಬಿಗಿಹಿಡಿದಿದ್ದವು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವನ ದೃಷ್ಟಿ ಹಿಡಿದು ನೋಡಿದರೆ ಆಳದ ಕಡೆ ದೋಣಿ ಮಾವ ಕಾಣುತ್ತಿಲ್ಲ. ಕೂಗಿಲ್ಲ, ಕೈ ಬಡಿದಿಲ್ಲ. ನೀರಿನಡಿಯಲ್ಲಿ ಬೆಳ್ಳಗೆ ಒಂದು ಆಕಾರ ನಿಧಾನವಾಗಿ ಹೊರಳುತ್ತಿತ್ತು. ಕಾಲಿನ ಸ್ನಾಯು ಹಿಡಿದುಕೊಂಡಿತ್ತೆಂದು ಆಮೇಲೆ ತಿಳಿಯಿತು. ನನ್ನ ಗಂಟಲಿನಿಂದ ದನಿ ಹೊರಡಲಿಲ್ಲ. ತರಗತಿಗಳಲ್ಲಿ ಜೀವಮಾನವೆಲ್ಲ ಗದರಿದ ಗಂಟಲು ಅದು.

ಅಷ್ಟರಲ್ಲಿ ಧಡಾರನೆ ಸದ್ದಾಯಿತು. ತಮ್ಮ ಕೋಣೆಯ ಕಿಟಕಿಯಿಂದ ಕಂಡ ಅಕ್ಕ, ಉಟ್ಟ ಬಟ್ಟೆಯಲ್ಲಿ, ಸೊಂಟದ ಬೀಗದ ಕೈಗಳ ಸಮೇತ ಹಾರಿದ್ದರು. ಮಾವನ ಕಂಕುಳಿಗೆ ಕೈಹಾಕಿ ದಡಕ್ಕೆ ಎಳೆತಂದರು. ಆಗ ಮಾತ್ರ ಮೀನು ಮಾಸ್ತರ ಕುರ್ಚಿಯಿಂದ ಇಳಿದು, ದಡದ ಮೇಲೆ ಬೋರಲು ಬಿದ್ದು ಕೈಚಾಚಿದ. ಇಬ್ಬರೂ ಸೇರಿ ಮೇಲೆತ್ತಿದರು. ಮಾವ ಬಕಬಕನೆ ನೀರು ಕಾರಿ ಉಸಿರೆಳೆದರು.

ಅಕ್ಕ ಅಲ್ಲೇ ಕುಳಿತು ಏದುಸಿರು ಬಿಡುತ್ತ ಅವನನ್ನು ಕೇಳಿದರು.

"ಯಾಕಪ್ಪಾ ಹಾರಲಿಲ್ಲ?"

"ನಂಗೆ ಈಜು ಬರಲ್ಲ ಅಕ್ಕ."

ಅಕ್ಕ ನಕ್ಕೇಬಿಟ್ಟರು. ಹೆದರಿಕೆಯಲ್ಲಿ ಏನೋ ಬಡಬಡಿಸುತ್ತಾನೆ ಎಂದುಕೊಂಡರು. ನಾವೂ ಹಾಗೆಯೇ ತಿಳಿದೆವು. ಅವನು ನಗಲಿಲ್ಲ. ನಗು ಆಕೆಯ ಮುಖದ ಮೇಲೆಯೇ ಗಟ್ಟಿಯಾಯಿತು.

"ಇಳಿ" ಎಂದರು, ಆಳದ ಕಡೆಯ ಏಣಿಯನ್ನು ತೋರಿಸಿ.

ಅವನು ಇಳಿದ. ಮೆಟ್ಟಿಲು ಮೆಟ್ಟಿಲಾಗಿ ಎದೆಯವರೆಗೆ, ಕತ್ತಿನವರೆಗೆ. ಅಲ್ಲಿಗೆ ನಿಂತ. ಏಣಿಯ ಕಂಬಿ ಹಿಡಿದ ಬೆರಳುಗಳು ಬಿಳುಚಿದ್ದವು. ಹಲ್ಲು ಕಟಕಟ ಎನ್ನುತ್ತಿತ್ತು. ಕೈ ಬಿಡು ಎಂದು ಅಕ್ಕ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಅಷ್ಟು ಮಂದಿ ಕಣ್ಣಾರೆ ಕಂಡೆವು. ನನ್ನ ಪಕ್ಕದಲ್ಲಿದ್ದ ಮಗುವೊಂದು "ಮೀನು ಮಾಸ್ತರಿಗೆ ಚಳೀನಾ?" ಎಂದು ಕೇಳಿತು. 

ಅವನು ಎಲ್ಲವನ್ನೂ ಹೇಳಿದ. ಆ ಊರಿನ ಕೊಳದಲ್ಲಿ ಇದ್ದದ್ದು ನಿಜ, ಆದರೆ ಬಟ್ಟೆ ಇಡುವ ಕೋಣೆಯ ಕೆಲಸಗಾರನಾಗಿ. ಕೋಣೆಯ ಜಾಲರಿ ಕಿಟಕಿ ಕೊಳಕ್ಕೆ ತೆರೆದಿತ್ತು. ವರ್ಷಗಟ್ಟಲೆ ಅಲ್ಲಿ ಕುಳಿತು ತರಬೇತುದಾರರು ಹೇಳುವುದನ್ನೆಲ್ಲ ಕೇಳಿದ, ನೋಡಿದ, ಯಾರೂ ಇಲ್ಲದಾಗ ಬೆಂಚಿನ ಮೇಲೆ ಮಲಗಿ ಆಡಿಸಿದ. ನೀರಿಗಿಳಿಯಲು ಮಾತ್ರ ಹೆದರಿಕೆ. ಆ ಕೊಳ ಮುಚ್ಚಿತು, ಕೆಲಸ ಹೋಯಿತು. ಮನೆಯಲ್ಲಿ ಹೆಂಡತಿ ಬಸುರಿ. ಇಲ್ಲಿ ಅಕ್ಕ ಬೆಂಚು ತೋರಿಸಿದಾಗ ಅವನಿಗೆ ಬಾಗಿಲೇ ತೆರೆದಂತಾಯಿತು. ದಿನವೂ ಬೆಳಿಗ್ಗೆ ತಲೆ ನೆನೆಸಿಕೊಳ್ಳುತ್ತಿದ್ದುದು ಶವರಿನ ಕೆಳಗೆ.

ಆ ಶವರಿನ ಮಾತು ಕೇಳಿ ದಡದ ಕಡೆ ನೋಡಿದೆ. ಒದ್ದೆ ಹೆಜ್ಜೆಗುರುತುಗಳನ್ನು ನಾನೂ ದಾಟಿ ನಡೆದಿದ್ದೆನಲ್ಲ!

ಅಕ್ಕ ಬೈಯಲಿಲ್ಲ. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಒಂದೊಂದೇ ಮಗುವಿನ ಗುರುತು ಹೇಳತೊಡಗಿದರು. ಆ ಅವಳಿಗಳು, ಆ ಕಿವಿ ಕೇಳದ ಹುಡುಗಿ, ಆ ಕಾಲು ಜಾರುವ ತುಂಟ, ದಂತವೈದ್ಯೆಯ ಮಗಳು. ಯಾಕೆ ಹೇಳುತ್ತಿದ್ದಾರೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಅರ್ಥವಾಯಿತು. ಆ ಬೇಸಿಗೆಯಲ್ಲಿ ಆ ಕುರ್ಚಿಯ ಎದುರು ನೀರಿಗಿಳಿದವರೆಲ್ಲ ಕಾವಲೇ ಇಲ್ಲದ ನೀರಿಗಿಳಿದಿದ್ದರು, ಆಕೆಯ ಕಣ್ಣೆದುರಿಗೇ, ಆಕೆಯ ಮಾತು ನಂಬಿ. 

ಅವನ ಕೊರಳಿನ ಸೀಟಿಯನ್ನು ತೆಗೆದುಕೊಂಡು ಆಕೆ ಉದ್ದಕ್ಕೆ ಊದಿದರು. ಎಲ್ಲರೂ ಹೊರಗೆ, ಕೊಳ ಮುಚ್ಚಿದೆ ಎಂದರು.

ಗೇಟಿನ ಬಳಿ ದೊಡ್ಡ ಚರ್ಚೆಯೇ ನಡೆಯಿತು. ಮುಚ್ಚಿದರೆ ಕಚೇರಿಗೆ ನೆವ ಸಿಕ್ಕಂತಾಗುತ್ತದೆ, ಅವನನ್ನು ಸದ್ದಿಲ್ಲದೆ ಕಳಿಸಿ ಬೇರೊಬ್ಬನನ್ನು ಹುಡುಕಿ, ಅಲ್ಲಿಯವರೆಗೆ ನಮ್ಮನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ದಿನಾ ಬರುವವರು ಗೋಗರೆದರು. ಎಲ್ಲರಿಗಿಂತ ಹೆಚ್ಚು ಪಟ್ಟು ಹಿಡಿದವರು ಟವೆಲು ಸುತ್ತಿಕೊಂಡು ಕುಳಿತಿದ್ದ ದೋಣಿ ಮಾವ.

"ಮುಳುಗಿದವನು ನಾನು. ನಾನೇ ದೂರು ಕೊಡ್ತಿಲ್ಲ, ನಿಂಗೇನಮ್ಮ?"

"ಮಾವ, ನೀವು ಉಳಿದಿದ್ದೀರಿ, ಅದಕ್ಕೇ ಮಾತಾಡ್ತಿದ್ದೀರಿ" ಎಂದರು ಅಕ್ಕ.

ಬೀಗ ಜಡಿದು, ಒದ್ದೆ ಬಟ್ಟೆಯಲ್ಲೇ ಮೇಲಿನ ಕಚೇರಿಗೆ ನಡೆದರು. ಅಲ್ಲಿ ನಡೆದದ್ದನ್ನು ಆಕೆ ನನಗೆ ಬಹಳ ದಿನಗಳ ಮೇಲೆ ಹೇಳಿದರು. ಅಧಿಕಾರಿ ಬಾಗಿಲು ಮುಚ್ಚಿ, ಪಂಪು ಕೆಟ್ಟಿದೆ ಎಂದು ಬೋರ್ಡು ಹಾಕಿ, ಸುಮ್ಮನೆ ಯಾಕೆ ಊರೆಲ್ಲ ಗದ್ದಲ ಎಂದು ಉಪಾಯ ಹೇಳಿದರಂತೆ. ಪಂಪು ಕೆಟ್ಟಿಲ್ಲ ಸಾರ್, ನೀರಿಲ್ಲದ ಕೊಳದಲ್ಲಿ ಈಜುಗಾರನನ್ನು ಆರಿಸಿದ್ದು ನಾನು, ಹಾಗೆಂದೇ ಹೇಳುತ್ತೇನೆ ಎಂದರಂತೆ ಅಕ್ಕ. ಹಾಗೆಂದೇ ಗೇಟಿನ ಮೇಲೆ ಬರೆದು ಹಾಕಿದರು ಕೂಡ. ಅದನ್ನು ಓದಿದ ಕೆಲವು ತಾಯಂದಿರು ಆಕೆಯನ್ನು ಬೀದಿಯಲ್ಲಿ ನಿಲ್ಲಿಸಿ ಬೈದರು. ಆಕೆ ನಿಂತು ಬೈಸಿಕೊಂಡರು.

ಕೊಳ ಮುಚ್ಚಿಯೇ ಇತ್ತು. ಕಾವಲುಗಾರ ಸಿಗಲಿಲ್ಲ. ಒಂದು ಸಂಜೆ ಅಳತೆ ಟೇಪು ಹಿಡಿದ ಇಬ್ಬರು ವಾಹನ ನಿಲ್ದಾಣಕ್ಕೆ ಜಾಗ ಅಳೆಯಲು ಬಂದರು. ಮರುದಿನ ಅಕ್ಕ ಮತ್ತೆ ಅಧಿಕಾರಿಯ ಎದುರು ಕುಳಿತರು. ಕಾವಲು ಕೆಲಸಕ್ಕೆ ನನ್ನನ್ನೇ ಹಾಕಿ, ಮೇಲ್ವಿಚಾರಕಿ ಹುದ್ದೆಗೆ ಬೇರೆಯವರನ್ನು ಕೂರಿಸಿ ಎಂದರು. ಅಧಿಕಾರಿ ನಕ್ಕರು. ಈ ವಯಸ್ಸಿಗೆ, ಮೇಲಿನ ಕುರ್ಚಿ ಬಿಟ್ಟು ಕೆಳಗಿನ ಕೆಲಸಕ್ಕೆ ಯಾರು ಇಳಿಯುತ್ತಾರೆ?

"ಆ ಕುರ್ಚೀನೇ ಎತ್ತರದಲ್ಲಿದೆ ಸಾರ್" ಎಂದರಂತೆ ಅಕ್ಕ.

ಆ ಘಟನೆಯ ಮೇಲೆ ಕಚೇರಿ ಕಾವಲಿಗೆ ಪರೀಕ್ಷೆ ಕಡ್ಡಾಯ ಮಾಡಿತ್ತು. ಬಟ್ಟೆ ತೊಟ್ಟು ಈಜಬೇಕು, ಆಳದ ತಳದಿಂದ ಇಟ್ಟಿಗೆ ಎತ್ತಿ ತರಬೇಕು, ಆಳುದ್ದದ ರಬ್ಬರು ಬೊಂಬೆಯನ್ನು ಎಳೆದು ದಡ ಸೇರಿಸಬೇಕು. ಮೀಸೆ ಚಿಗುರುತ್ತಿದ್ದ ಯುವಕರ ನಡುವೆ ನಿಂತು ಆಕೆ ಎದುರಿಸಿದ ಪರೀಕ್ಷೆ ಅದು. ಮೊದಲ ಸಲ ಬೊಂಬೆಯ ಹಂತದಲ್ಲಿ ಉಸಿರು ಸಾಲದೆ ಸೋತರು. ಎರಡನೆಯ ಸಲ ತೇರ್ಗಡೆಯಾದರು. ಅಳತೆ ಟೇಪಿನವರು ಮತ್ತೆ ಬರಲಿಲ್ಲ. ಅತ್ತೆ ಮಾತ್ರ "ಈಗ ಏಣಿ ಹತ್ತಿ ನೀರು ಕಾಯ್ತಾಳೆ" ಎಂದರಂತೆ. ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು ಎಂದು ಅಕ್ಕನ ಗಂಡನ ವಾದ.

ಕೊಳ ತೆರೆದ ದಿನ ನಾನು ಮತ್ತೊಮ್ಮೆ ದಂಗಾದೆ. ಗೇಟಿನ ಪಕ್ಕದಲ್ಲಿ ಮೀನು ಮಾಸ್ತರ ನಿಂತಿದ್ದ. ಅಕ್ಕನೇ ಕರೆಸಿದ್ದರು. ಸೊಂಟದಾಳದಲ್ಲಿ ಮಕ್ಕಳಿಗೆ ಹೊಡೆತ ತಿದ್ದಲು ಇವನಿಗಿಂತ ಒಳ್ಳೆಯ ಕಣ್ಣು ಇನ್ನಿಲ್ಲ, ಆದರೆ ಕಾವಲು ನಾನೇ ಎಂಬುದು ಆಕೆಯ ತೀರ್ಮಾನ. ಷರತ್ತು ಒಂದೇ. ಮಗುವನ್ನು ಸೇರಿಸಲು ಬಂದ ಪ್ರತಿಯೊಬ್ಬ ತಂದೆತಾಯಿಗೂ ಅವನೇ ತನ್ನ ಬಾಯಿಂದ ಹೇಳಬೇಕು.

"ನಂಗೆ ಈಜು ಬರಲ್ಲಮ್ಮ. ಕಲಿಸೋದು ಬರುತ್ತೆ. ಕಾಯೋರು ಅಲ್ಲಿ ಕೂತಿದ್ದಾರೆ."

ಮೊದಲ ದಿನ ಅವನ ಕಿವಿ ಕೆಂಪಗಾಗಿತ್ತು. ಕೆಲವರು ಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಹಲವರು ಕುರ್ಚಿಯ ಕಡೆ ಒಮ್ಮೆ ನೋಡಿ ಸೇರಿಸಿದರು. ಈಗ ಅವನು ಸಂಜೆ ತರಗತಿ ಮುಗಿದ ಮೇಲೆ ಅಕ್ಕನ ಎದುರು ತೇಲುವುದನ್ನು ಕಲಿಯುತ್ತಿದ್ದಾನೆ. ಬೆಂಚು ಬಿಟ್ಟರೆ ಅವನಷ್ಟು ಮಂದ ವಿದ್ಯಾರ್ಥಿಯನ್ನು ಕಂಡಿಲ್ಲ ಎನ್ನುತ್ತಾರೆ ಆಕೆ. ಅವನನ್ನು ಬಿಡುವ ಹಾಗೆ ಮಾತ್ರ ಕಾಣುವುದಿಲ್ಲ.

ಹೊಸ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ತನಗೆ ನೀರೆಂದರೆ ಆಗದು ಎಂದು ಮೊದಲೇ ಹೇಳಿಬಿಟ್ಟ. ಕಾವಲಿಗೆ ಇನ್ನೊಬ್ಬರು ಬೇಕೆಂದು ಆಗಾಗ ಯಾರಾದರೂ ಅರ್ಜಿ ಹಿಡಿದು ಬರುತ್ತಾರೆ. ಗೇಟು ಮುಚ್ಚಿದ ಮೇಲೆ ಅಂಥವರ ಎದುರು ಅಕ್ಕ, ಉಟ್ಟ ಬಟ್ಟೆಯಲ್ಲಿ ಆಳಕ್ಕೆ ಹಾರಿ ತಳಕ್ಕೆ ಹೋಗಿ ಮಲಗುತ್ತಾರೆ. ಯಾರು ಎತ್ತುತ್ತಾರೋ ನೋಡಬೇಕು. ಇಲ್ಲಿಯವರೆಗೆ ಒಬ್ಬಳು ಹುಡುಗಿ ಎತ್ತಿದ್ದಾಳೆ. ಅವಳನ್ನೂ ಕುರ್ಚಿಯ ಮೇಲೆ ಇನ್ನೂ ಒಬ್ಬಳನ್ನೇ ಕೂರಿಸಿಲ್ಲ.

ನಾನು ಈಗಲೂ ದಿನವೂ ಹೋಗುತ್ತೇನೆ. ಮೊದಲಿನಂತೆ ಹರಟೆ ಹೊಡೆಯುವ ಸುಖ ಮಾತ್ರ ಇಲ್ಲ. ಆಕೆ ಕುರ್ಚಿಯ ಮೇಲಿರುವಾಗ ಯಾರ ಕಡೆಗೂ ಮುಖ ತಿರುಗಿಸುವುದಿಲ್ಲ. ಮೊನ್ನೆ ನನ್ನ ಕಿರಿಮಗಳ ಮದುವೆ ನಿಶ್ಚಯವಾದ ಸುದ್ದಿಯನ್ನು ಕುರ್ಚಿಯ ಕೆಳಗೆ ನಿಂತು ಉತ್ಸಾಹದಿಂದ ಹೇಳುತ್ತಿದ್ದೆ. ನೀರಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದರು, ಹೂಂಗುಟ್ಟಿದರು, ಹುಡುಗ ಏನು ಮಾಡುತ್ತಾನೆ ಎಂದು ವಿಚಾರಿಸಿದರು.

"ತುಂಬಾ ಸಂತೋಷ ಮೇಷ್ಟ್ರೇ. ಒಂಚೂರು ಪಕ್ಕಕ್ಕೆ ಸರೀರಿ, ಆ ಮೂಲೆ ಕಾಣ್ತಿಲ್ಲ."