ಮರವಂತೆಯ ತನಕ

ಸಮುದ್ರ ನೋಡಬೇಕೆಂಬ ಹುಚ್ಚು ಮೊದಲು ನನ್ನದಲ್ಲ, ನನ್ನ ಗಂಡನದು. ಅವರು ಉರ್ದು ಶಾಲೆಯಲ್ಲಿ ಓದಿದವರು, ಸಮುದ್ರಕ್ಕೆ ದರಿಯಾ ಅನ್ನುವವರು. ನಿಜಾಮನ ಕಾಲದ ನಕಾಶೆಯಲ್ಲಿ ನಮ್ಮ ಮುಲುಕಿನ ಸುತ್ತಲೂ ಬರೀ ನೆಲವೇ ಇತ್ತಂತೆ. "ಅಷ್ಟು ದೊಡ್ಡ ರಿಯಾಸತ್ತು, ಒಂದು ಬಂದರ ಇರಲಿಲ್ಲ ನೋಡು" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಉರ್ದು ಹೋಗಿ ಕನ್ನಡ ಬಂತು. ಗಡ್ಡ ಬೆಳೆದ ಮೇಲೆ ಅವರು ಮತ್ತೆ ಅ ಆ ತಿದ್ದಿದಂತೆ ಕನ್ನಡ ಬರೆಯುವುದನ್ನು ಕಲಿತು, ಪರೀಕ್ಷೆ ಕಟ್ಟಿ, ಶಹಾಪುರದ ಶಾಲೆಯಲ್ಲಿ ಮಾಸ್ತರರಾದರು. ಆಮೇಲೆ ಕೆಲವು ವರ್ಷಕ್ಕೆ ಕನ್ನಡದ ಸೀಮೆಗಳೆಲ್ಲ ಕೂಡಿ ಒಂದೇ ರಾಜ್ಯವಾಯಿತು. ಆ ದಿನ ಶಾಲೆಯಲ್ಲಿ ಬಾವುಟ ಹಾರಿಸಿ ಬುಂದೆ ಹಂಚಿದರು. ಕಾಗದದಲ್ಲಿ ಕಟ್ಟಿಕೊಂಡು ಬಂದ ಬುಂದೆ ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಡುವ ಮೊದಲೇ ಅಂದರು: "ಇವತ್ತಿನಿಂದ ದರಿಯಾ ನಮ್ದು."

ನಾವಿಬ್ಬರೂ ಕೃಷ್ಣಾ ದಂಡೆಯ ಅಂಬಿಗರ ಮಕ್ಕಳು. ನನ್ನಪ್ಪ ಹರಗೋಲು ಹಾಕಿ ಮಂದಿಯನ್ನು ದಾಟಿಸುತ್ತಿದ್ದ, ಮೀನು ಹಿಡಿಯುತ್ತಿದ್ದ. ನಾನು ಚಿಕ್ಕಂದಿನಿಂದ ಹೊಳೆ ಈಸಿದವಳು. ಶಹಾಪುರಕ್ಕೆ ಬಂದ ಮೇಲೆ ನನಗೆ ಒದಗಿದ್ದು ಬಾವಿ, ಬಿಸಿಲು, ಗುಡ್ಡದ ಬಂಡೆ. ಹೀಗಾಗಿ ನೀರಿನ ಮಾತು ಬಂದರೆ ನನಗೂ ಜೀವ ಬರುತ್ತಿತ್ತು.

ಮರುವರ್ಷ ನಮ್ಮ ಗೋಡೆಗೆ ಹತ್ತಿದ ಮನೆಗೆ ಹೊಸ ಹೆಡ್ ಮಾಸ್ತರರು ಬಂದರು. ಕುಂದಾಪುರದ ಕಡೆಯವರು. ಅವರಿಗೆ ಈ ಊರು ಶಿಕ್ಷೆ. ನಮ್ಮ ನೀರು ಗಡಸು, ನಮ್ಮ ಅಕ್ಕಿ ಮುಗ್ಗು, ನಮ್ಮ ಮಾತು ಒರಟು. ಆದರೆ ಅವರ ಹೆಂಡತಿ ಹಾಗಿರಲಿಲ್ಲ. ನನ್ನ ವಾರಿಗೆಯವಳು, ಸಣ್ಣ ಮೈಯವಳು, ಬಸುರಿ. ಬಾವಿಯಿಂದ ನೀರು ಸೇದಲಾಗದೆ ಹಗ್ಗ ಹಿಡಿದು ನಿಂತಿದ್ದಾಗ ನಾನು ಹೋಗಿ ಅವಳ ಕೊಡ ತುಂಬಿಸಿಕೊಟ್ಟೆ. ಅಲ್ಲಿಂದ ಶುರು.

ನಾನು ಅವಳನ್ನು "ಅಕ್ಕಾರ" ಅನ್ನುತ್ತಿದ್ದೆ. ಹೆರಿಗೆ ಹತ್ತಿರವಾದರೂ ಅವಳ ತಾಯಿಗೆ ಅಷ್ಟು ದೂರದಿಂದ ಬರಲು ಆಗಲಿಲ್ಲ. ಸೂಲಗಿತ್ತಿಯನ್ನು ಕರೆದುಕೊಂಡು ಬಂದವಳು ನಾನು, ಅವಳ ಬೆನ್ನಿಗೆ ಆಸರೆಯಾಗಿ ಕೂತವಳು ನಾನು. ಗಂಡು ಕೂಸು. ಕೂಸಿಗೂ ಬಾಣಂತಿಗೂ ದಿನಾ ಎಣ್ಣೆ ಹಚ್ಚಿ ಬಿಸಿನೀರು ಹಾಕಿದೆ. ಜೋಳದ ರೊಟ್ಟಿ ಮುರಿದು ಬೇಳೆಕಟ್ಟಿನಲ್ಲಿ ನೆನೆಸಿ ಕೊಟ್ಟರೆ ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ನಮ್ಮ ಮನೆಯ ಒಲೆಯಲ್ಲಿ ಏನೇನು ಬೇಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮೀನು ಮಾಡಿದ ದಿನ ವಾಸನೆ ಗೋಡೆ ದಾಟುತ್ತಿತ್ತು. ಒಂದು ದಿನ ತಲೆ ಒರೆಸುತ್ತಿದ್ದಾಗ ಅಂದಳು:

"ನನ್ನನ್ನು ಅಕ್ಕಾರ, ನೀವು ಅಂತೆಲ್ಲ ಕರೀಬೇಡ ಮಾರಾಯ್ತಿ. ನೀನು ಅನ್ನು. ನಿನ್ನ ಕೈ ನನ್ನ ಅಮ್ಮನ ಕೈ ಹಾಗೇ ಉಂಟು."

ಅವತ್ತಿನಿಂದ "ನೀ" ಅಂದೆ.

ಸಂಜೆ ಗಂಡಸರು ಶಾಲೆಯಿಂದ ಬರುವ ಮೊದಲು ನಮ್ಮ ಕಟ್ಟೆಯ ಮೇಲೆ ಕೂತು ಅವಳು ಕಡಲಿನ ಮಾತು ಆಡುತ್ತಿದ್ದಳು. ಕೇಳಿ ಕೇಳಿ ನನಗೂ ಹುಚ್ಚು ಹತ್ತಿತು. ಬೇಸಿಗೆ ರಜೆಗೆ ಅವರು ಊರಿಗೆ ಹೋಗುವವರಿದ್ದರು. "ನೀವಿಬ್ಬರೂ ಬನ್ನಿ, ನಮ್ಮಲ್ಲೇ ಇಳಿಯಿರಿ" ಎಂದು ಅವಳೇ ಕರೆದಳು. ನಾನಾಗಿ ಕೇಳಿದ್ದಲ್ಲ. ಇದನ್ನು ನಾನು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆಮೇಲೆ ಯಾವ ದಂಡೆಗೆ ಹೋಗುವುದು ಎಂಬ ಚರ್ಚೆ. ಅವಳು ನಮ್ಮ ಪರಸಿ ಕಲ್ಲಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಉದ್ದಕ್ಕೆ ಒಂದು ಗೆರೆ ಎಳೆದಳು. ಮೇಲೆ ಕಾರವಾರ, ಕೆಳಗೆ ಮಲ್ಪೆ. ನಡುವೆ ನದಿಗಳು ಗೆರೆಯನ್ನು ಕಡಿದಿದ್ದವು.

"ಕಾರವಾರ ಚಂದ, ಆದರೆ ಅಲ್ಲಿಗೆ ಹೋದರೆ ನಮ್ಮನೆಗೆ ಬರಲು ಮತ್ತೆ ಅಷ್ಟೂ ನದಿ ದಾಟಬೇಕು. ಸಾಮಾನು ಹೊತ್ತುಕೊಂಡು ಇಳಿ, ಲಾಂಚು ಹತ್ತು, ಮತ್ತೆ ಇಳಿ. ಅದು ಬೇಡ" ಎಂದು ಕಾರವಾರ ಅಳಿಸಿದಳು.

ನನ್ನ ಅತ್ತೆ ಒಳಗಿನಿಂದಲೇ ಕೂಗಿದರು: "ಗೋಕರ್ಣ ಬಿಟ್ಟೀರಿ ಮತ್ತ! ನನಗ ಅಲ್ಲಿಂದ ತೀರ್ಥ ತರಬೇಕು."

ಗೋಕರ್ಣ ಉಳಿಯಿತು. ನನ್ನ ಗಂಡನಿಗೆ ಮಲ್ಪೆ ಬೇಕು, ಅಲ್ಲಿ ದೊಡ್ಡ ದೋಣಿಗಳು ಬರುತ್ತವೆಂದು. ಮುರ್ಡೇಶ್ವರದಲ್ಲಿ ಗುಡ್ಡ ಹತ್ತಿ ನಿಂತರೆ ಮೂರು ಕಡೆ ನೀರು ಎಂದು ಅವಳೇ ಸೇರಿಸಿದಳು. ನಾನು ಕೇಳಿದ್ದು ಬೇರೆ.

"ಎಲ್ಲಿ ಈಸಬಹುದು? ಸುಳಿ ಎಲ್ಲೆಲ್ಲಿ ಅದಾವ?"

ಅವಳು ನಕ್ಕಳು. "ಹೊಳೆಯಲ್ಲ ಮಾರಾಯ್ತಿ ಅದು, ಕಡಲು. ಅಲೆ ಬರುವಾಗ ಏನೂ ಮಾಡುವುದಿಲ್ಲ, ಹಿಂದೆ ಹೋಗುವಾಗ ಕಾಲಡಿಯ ಹೊಯಿಗೆ, ಅದೇ ನಿಮ್ಮ ಉಸುಕು, ಎಳೆದುಕೊಂಡು ಹೋಗುತ್ತದೆ. ನೀನು ಮರವಂತೆಗೆ ಬಾ. ಅಲ್ಲಿ ರಸ್ತೆಯ ಒಂದು ಮಗ್ಗುಲಿಗೆ ನದಿ, ಒಂದು ಮಗ್ಗುಲಿಗೆ ಕಡಲು. ನಿನಗೆ ಬೇಕಾದ್ದು ಒಂದು ಕಡೆ, ನನಗೆ ಬೇಕಾದ್ದು ಒಂದು ಕಡೆ. ನಮ್ಮನೆ ಅಲ್ಲಿಂದ ನಡೆದರೆ ಆಯ್ತು."

ಮರವಂತೆ ಅಂದೇ ನನ್ನ ಮನಸ್ಸಿಗೆ ಕೂತಿತು. ಬೆಳಿಗ್ಗೆ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ, ಯಾವ ಹೊತ್ತಿಗೆ ಹೊಯಿಗೆ ಕಾಲು ಸುಡುತ್ತದೆ, ಎಲ್ಲಿ ಸಿಹಿನೀರಿನ ಬಾವಿ ಇದೆ, ಎಲ್ಲ ಹೇಳಿಕೊಟ್ಟಳು. ಅವಳು ಕೂಸಿನ ಜೊತೆ ಮೊದಲೇ ಊರಿಗೆ ಹೋದಳು. ಬಸ್ಸಿನ ಕಿಟಕಿಯಿಂದ ಕೈ ಹಿಡಿದು, "ತಪ್ಪಿಸಿದರೆ ನೋಡು" ಅಂದಳು.

ನಾವು ಯಾದಗಿರಿಯಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ, ಹುಬ್ಬಳ್ಳಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದೆವು. ಗೋಕರ್ಣದಲ್ಲಿ ಓಣಿ ಮುಗಿದ ಕಡೆ ಒಮ್ಮೆಲೇ ನೀರು ಕಂಡಾಗ ನನ್ನ ಗಂಡ ನಡುದಾರಿಯಲ್ಲೇ ನಿಂತುಬಿಟ್ಟರು. "ದರಿಯಾ" ಅಂದರು. ಅಷ್ಟೇ. ಧೋತರ ಎತ್ತಿ ಕಟ್ಟಿ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆಗೆ ತೀರ್ಥ ತುಂಬಿಕೊಂಡು, ಹಗಲೆಲ್ಲ ನೀರಿನಲ್ಲಿ ಬಿದ್ದು, ಉಪ್ಪು ಒಣಗಿದ ಮೈಯಲ್ಲೇ ಮರುದಿನ ಮುಂದಿನ ಬಸ್ಸು ಹಿಡಿದೆವು. ಮುರ್ಡೇಶ್ವರ ವಾಪಸು ಬರುವಾಗ ಎಂದು ಇಟ್ಟುಕೊಂಡೆವು. ಹೊನ್ನಾವರದಲ್ಲಿ ಶರಾವತಿ ದಾಟುವಾಗ ಲಾಂಚಿನ ಅಂಬಿಗನ ಜೊತೆ ನನ್ನ ಗಂಡ ಬಹಳ ಹೊತ್ತು ಮಾತಾಡಿದರು. ಖುಷಿ ಅಂದರೆ ಅಷ್ಟು ಖುಷಿ.

ಅವಳ ತವರು ತೆಂಗಿನ ತೋಟದ ನಡುವಿನ ಮನೆ. ಜಗಲಿಯಲ್ಲಿ ಹೆಡ್ ಮಾಸ್ತರರು ಪೇಪರು ಓದುತ್ತಿದ್ದರು. ನಮ್ಮನ್ನು ಕಂಡು, "ಓ, ಬಂದಿರಾ" ಅಂದರು, ಎದ್ದು ಬರಲಿಲ್ಲ. ಬಾಗಿಲಿಗೆ ಬಂದವರು ಅವಳ ತಾಯಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗಳ ಕಡೆ ತಿರುಗಿ ಕೇಳಿದರು.

"ಇವರು ಯಾರು?"

"ಅಲ್ಲಿಯ ಶಾಲೆಯ ಮಾಸ್ತರರು ಅಮ್ಮ. ಪಕ್ಕದ ಮನೆಯವರು."

"ಅದು ಸರಿ. ಯಾವ ಜನ?"

ನನ್ನ ಗಂಡ ಚೀಲ ಕೆಳಗಿಟ್ಟು, ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ ಸಹಜವಾಗಿ ಹೇಳಿದರು: "ನಾವು ಕೃಷ್ಣಾ ದಂಡಿ ಅಂಬಿಗರ್ರಿ."

"ಮೀನಿನವರಾ?" ಅಂದು ಆಕೆ ಒಳಗೆ ಹೋದರು.

ಆಮೇಲೆ ಒಬ್ಬ ಆಳು ಬಂದು ನಮ್ಮನ್ನು ಕೊಟ್ಟಿಗೆಯ ಆಚೆ ಇಳಿಸಿದ ಮಾಡಿನ ಕೆಳಗೆ ಕರೆದುಕೊಂಡು ಹೋದ. ಒಣ ತೆಂಗಿನ ಸೋಗೆ ಪೇರಿಸಿದ್ದ ಜಾಗ. ಬಾಯಾರಿತ್ತು. ನೀರು ಕೇಳಿದೆ. ಬೊಗಸೆ ಹಿಡಿಯಿರಿ ಎಂದು ಆ ಆಳು ತಂಬಿಗೆಯಿಂದ ಎತ್ತರಕ್ಕೆ ಹಿಡಿದು ಸುರಿದ. ಮೊಣಕೈವರೆಗೆ ನೀರು ಇಳಿದು ರವಿಕೆ ತೊಯ್ದಿತು. ನಮ್ಮ ಕಡೆ ಇದೆಲ್ಲ ಇರಲಿಲ್ಲವೆಂದು ನಾನು ಹೇಳಲಾರೆ. ನನ್ನಪ್ಪ ಗೌಡರ ಮನೆಯ ಅಂಗಳ ದಾಟಿದವನಲ್ಲ. ಗೊತ್ತಿದ್ದ ಜಾಗದಲ್ಲಿ ನಿಲ್ಲುವುದು ಬೇರೆ. ಕರೆಸಿಕೊಂಡು ಹೊರಗೆ ನಿಲ್ಲಿಸುವುದು ಬೇರೆ.

ಅವಳು ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಕೂಸು ನನ್ನನ್ನು ಗುರುತು ಹಿಡಿದು ಎರಡೂ ಕೈ ಚಾಚಿ ಮೈ ಮುಂದಕ್ಕೆ ಹಾಕಿತು. ನಾನು ಎದ್ದೆ. ಹಿಂದಿನಿಂದ ತಾಯಿ ಬಂದು ಕೂಸನ್ನು ಇಸಿದುಕೊಂಡರು. "ಈಗಷ್ಟೇ ಮೀಯಿಸಿದ್ದು. ಮತ್ತೆ ಮೀಯಿಸುವವರು ಯಾರು?" ಕೂಸು ಅಳುತ್ತ ಒಳಗೆ ಹೋಯಿತು. ತಾಯಿಯ ಧ್ವನಿ ಸೋಗೆಯ ತಟ್ಟಿಯಾಚೆ ಕೇಳಿಸುತ್ತಲೇ ಇತ್ತು.

"ಮಗು ಅವಳ ಹತ್ತಿರ ಹಾಗೆ ಹಾರುವುದೇಕೆ? ಅಲ್ಲಿ ನಿನ್ನ ಬಾಣಂತನ ಮಾಡಿದ್ದು ಯಾರು, ಇವಳಾ?"

"ಇಲ್ಲಮ್ಮ" ಎಂದಳು ನನ್ನ ಗೆಳತಿ. "ನಮ್ಮವರೇ ಒಬ್ಬರು ಅಜ್ಜಿ ಇದ್ದರು. ಇವಳು ಹೊರಗಿನ ಕೆಲಸಕ್ಕೆ. ನೀರು ತರುವುದು, ಬಟ್ಟೆ ಒಗೆಯುವುದು."

ನನ್ನ ಗಂಡನಿಗೂ ಕೇಳಿಸಿತು. ಅವರು ನನ್ನ ಮುಖ ನೋಡಲಿಲ್ಲ. ಎಲೆ ಹಾಕಿ ಬಡಿಸುವ ಹೊತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು, "ಹೊತ್ತಾತು, ಹೊಂಟೀವ್ರಿ" ಎಂದು ಆಳಿಗೆ ಹೇಳಿದರು. ಜಗಲಿಯ ಮುಂದೆ ಬಂದಾಗ ಹೆಡ್ ಮಾಸ್ತರರ ಮುಖ ಪೇಪರಿನ ಹಿಂದೆಯೇ ಇತ್ತು. ರಾಜ್ಯದ ಹಬ್ಬದ ದಿನ, ಎಲ್ಲರೂ ಒಂದಾದೆವು ಎಂದು ಶಾಲೆಯ ಬಾವುಟದ ಕೆಳಗೆ ಭಾಷಣ ಮಾಡಿದ್ದವರು ಅವರೇ.

ಮರವಂತೆಗೆ ನಡೆದೇ ಹೋದೆವು. ಅವಳು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಒಂದು ಮಗ್ಗುಲಿಗೆ ನದಿ ಕನ್ನಡಿಯ ಹಾಗೆ ಮಲಗಿತ್ತು, ಇನ್ನೊಂದು ಮಗ್ಗುಲಿಗೆ ಕಡಲು ಎದ್ದು ಬೀಳುತ್ತಿತ್ತು. ಅಷ್ಟು ಚಂದದ ಜಾಗ ನಾನು ಮತ್ತೆ ನೋಡಿಲ್ಲ. ಚಂದ ಇದ್ದದ್ದಕ್ಕೇ ಸಿಟ್ಟು ಬಂತು. ಕೆಟ್ಟದಾಗಿದ್ದರೆ ಬೈದು ಬರಬಹುದಿತ್ತು.

ನನ್ನ ಗಂಡ ಹೊಯಿಗೆಯ ಮೇಲೆ ಕೂತರು. "ಈಸಂಗಿಲ್ಲೇನು?" ಅಂದರು.

"ಒಲ್ಲೆ."

"ಇಷ್ಟು ದೂರ ಬಂದು?"

"ಇಷ್ಟು ನೀರು ಇಟ್ಕೊಂಡು ಕುಂತಾರ, ಒಂದು ಲೋಟ ಕೊಡಾಕ ಆಗಲಿಲ್ಲ ನೋಡ್ರಿ ಇವರಿಗೆ" ಅಂದೆ. ಅಳು ಬಂದದ್ದು ಆಗ.

ಅಲ್ಲಿ ಬಲೆ ಒಣಗಿಸುತ್ತಿದ್ದ ಹೆಂಗಸರು ನಮ್ಮತ್ತ ನೋಡಿದರು. ಮೀನಿನ ಜನ, ನಮ್ಮ ಹಾಗೇ. ಎದ್ದು ಹೋಗಿ ಮಾತಾಡಿಸಿದೆ. ನನ್ನ ಮಾತು ಅವರಿಗೆ ತಿಳಿಯಲಿಲ್ಲ, ಅವರದು ನನಗೆ. ಒಬ್ಬಳು "ತೆಲುಗಾ?" ಎಂದು ಕೇಳಿ, ನನ್ನ ಸೀರೆ ಉಟ್ಟ ರೀತಿಯನ್ನು ಇನ್ನೊಬ್ಬಳಿಗೆ ತೋರಿಸಿ ನಕ್ಕಳು. ಕೆಟ್ಟ ನಗುವಲ್ಲ. ಆದರೆ ಅವತ್ತು ನನಗೆ ಯಾವ ನಗುವೂ ಒಳ್ಳೆಯದಾಗಿ ಕಾಣುವಂತಿರಲಿಲ್ಲ. ಮಲ್ಪೆ, ಮುರ್ಡೇಶ್ವರ ಎರಡನ್ನೂ ಅಲ್ಲೇ ಬಿಟ್ಟು, ಬಂದ ದಾರಿಯಲ್ಲೇ ತಿರುಗಿದೆವು. ಊರಲ್ಲಿ ಅತ್ತೆ ಕೇಳಿದರು, ಓಣಿಯ ಹೆಂಗಸರು ಕೇಳಿದರು. "ಭಾಳ ಚಲೋ ಇತ್ತು, ಚಲೋ ನೋಡಿಕೊಂಡ್ರು" ಅಂದೆ. ಮತ್ತೇನು ಹೇಳಲಿ? ಮಾಸ್ತರನ ಹೆಂಡತಿಗೆ ಹೀಗಾಯಿತು ಎಂದು ಬಾವಿಯ ಕಟ್ಟೆಯ ಮೇಲೆ ಅವರೆಲ್ಲ ಮರುಗುವುದು ನನಗೆ ಬೇಕಿರಲಿಲ್ಲ.

ಶಾಲೆ ಶುರುವಾದಾಗ ಅವಳು ಬಂದಳು. ಹಲಸಿನ ಹಪ್ಪಳ ಹಿಡಿದು ಗೋಡೆಯಾಚೆ ನಿಂತು ಕರೆದಳು.

"ಹೇಳದೇ ಹೊರಟುಬಿಟ್ಟೆಯಲ್ಲ ಅವತ್ತು. ನಾನು ಎಷ್ಟು ಹುಡುಕಿದೆ ಗೊತ್ತಾ?"

"ಹೊರಗಿನ ಕೆಲಸದಾಕಿ ಹೇಳಿ ಹೋಗಬೇಕಾಗಿತ್ತೇನ್ರಿ, ಅಕ್ಕಾರ?"

ಅವಳ ಕೈಯಲ್ಲಿದ್ದ ಹಪ್ಪಳದ ಕಟ್ಟು ಗೋಡೆಯ ಮೇಲೆ ಇಳಿಯಿತು. ಆಮೇಲೆ ಸಣ್ಣಗೆ ಅಂದಳು: "ಅಮ್ಮನಿಗೆ ಗೊತ್ತಾಗಿದ್ದರೆ ನನ್ನನ್ನೇ ಒಳಗೆ ಬಿಡುತ್ತಿರಲಿಲ್ಲ. ನಿನ್ನ ರೊಟ್ಟಿ ತಿಂದವಳು ಅಂತ."

"ಖರೇ ಐತ್ರಿ" ಅಂದೆ. ಅವಳು ಹೇಳಿದ್ದು ನಿಜವೇ ಇತ್ತು. ಅವಳಿಗೂ ನಿಲ್ಲಲು ಬೇರೆ ಜಾಗ ಇರಲಿಲ್ಲ. ಅದು ಗೊತ್ತಾದರೂ ನನ್ನ ಎದೆ ಹಗುರಾಗಲಿಲ್ಲ.

ಆ ಮೇಲೂ ಕೂಸು ನಮ್ಮ ಮನೆಗೆ ಬರುತ್ತಿತ್ತು. ಅಂಬೆಗಾಲಿಟ್ಟು ಬಂದದ್ದು ನಡೆದು ಬರತೊಡಗಿತು. ಅದಕ್ಕೆ ಜ್ವರ ಬಂದಾಗ ಅವಳು ಓಡಿ ಬಂದಳು, ನಾನು ಹೋದೆ, ತೊಡೆಯ ಮೇಲೆ ಹಾಕಿಕೊಂಡು ಕೂತೆ. ಕೂಸಿನ ಮೇಲೆ ಏನು ಸಿಟ್ಟು? ಆದರೆ ಅವಳ ಮುಂದೆ ರೊಟ್ಟಿ ಇಡಲಿಲ್ಲ. ಅವಳೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತರೆ ಬಿಸಿಲಿನ ಮಾತು, ಬೇಳೆಯ ಮಾತು. ಕಡಲಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. "ನೀ" ಎಂಬುದು ನನ್ನ ಬಾಯಿಗೆ ಮತ್ತೆ ಬರಲಿಲ್ಲ. ಪ್ರತಿ ಸಲ "ಅಕ್ಕಾರ" ಅಂದಾಗ ಅವಳು ಕಣ್ಣು ಕೆಳಗೆ ಹಾಕುತ್ತಿದ್ದಳು, ನಾನು ಬೇಕಂತಲೇ ಅನ್ನುತ್ತಿದ್ದೆ.

ಮುಂದಿನ ವರ್ಷ ಅವರಿಗೆ ಊರ ಕಡೆ ವರ್ಗವಾಯಿತು. ಲಾರಿಗೆ ಸಾಮಾನು ಹೇರುವಾಗ ದೋಸೆಗೆ ರುಬ್ಬುವ ಅವಳ ಒರಳು ಭಾರವಾಯಿತೆಂದು ಹಿತ್ತಲಲ್ಲೇ ಬಿಟ್ಟರು. ಅವಳು ಗೋಡೆಯ ಹತ್ತಿರ ಬಂದು, "ಅದನ್ನು ನೀನು ಇಟ್ಟುಕೋ" ಅಂದಳು. "ಆಗಲ್ರಿ" ಅಂದೆ. ಲಾರಿ ಹೋಯಿತು. ಒರಳನ್ನು ಈಚೆಗೆ ಉರುಳಿಸಿಕೊಂಡು ಬರೋಣವೇ ಎಂದು ನನ್ನ ಗಂಡ ಎರಡು ಸಲ ಕೇಳಿದರು. ನಾನು ಬೇಡ ಅಂದೆ. ಮಳೆಗಾಲದಲ್ಲಿ ಆ ಮನೆಗೆ ಬಾಡಿಗೆಗೆ ಬಂದವರು ಅದರಲ್ಲಿ ಎಮ್ಮೆಗೆ ಹಿಂಡಿ ನೆನೆ ಹಾಕಿದರು.