ವಂದನಾರ್ಪಣೆಗೆ ಕೊಟ್ಟ ಮೈಕು

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ಹೊನ್ನಾಳಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ಅಲ್ಲಿನ ಪ್ರತಿ ವಿಚಾರಸಂಕಿರಣದಲ್ಲೂ ಪ್ರಾರ್ಥನೆ, ರಂಗೋಲಿ, ವಂದನಾರ್ಪಣೆ ಹೆಂಗಸರಿಗೆ. ಪ್ರಬಂಧ ಮಂಡನೆ ಗಂಡಸರಿಗೆ. ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಶಾಮಿಯಾನದವರ ಹೆಸರು ಓದುವ ಕೆಲಸವನ್ನು ನಾನು ಇಪ್ಪತ್ತೆರಡು ವರ್ಷ ಮಾಡಿದ್ದೆ.

ಆ ಸಲದ ವಿಷಯ ಅಮೆರಿಕನ್ ಕಾದಂಬರಿಗಳ ಗಂಡಾಳ್ವಿಕೆಯಲ್ಲಿ ಹೆಣ್ಣಿನ ಪಾತ್ರ. ಸಂತೇಬೆನ್ನೂರಿನ ಬಟ್ಟೆ ವ್ಯಾಪಾರಿಯ ಮಗಳು, ಅಂತಿಮ ಬಿ.ಎ.ಯ ಚೈತ್ರಾ ಇಂಗ್ಲಿಷಿನಲ್ಲಿ ಹನ್ನೊಂದು ಪುಟದ ಪ್ರಬಂಧ ಬರೆದಿದ್ದಳು. ಆ ಕಾದಂಬರಿಗಳ ಹೆಂಡತಿಯರಿಗೆ ಇಡೀ ಮನೆ ನೋಡಿಕೊಳ್ಳುವ ಹೊಣೆಯಿದೆ, ಮಾತಾಡಲು ಒಂದು ಮೂಲೆಯಿಲ್ಲ ಎಂಬುದು ಅವಳ ವಾದ.

"ನಾನು ಸ್ಟೇಜ್ ಮ್ಯಾಲೆ ಓದಿದ್ರೆ ಅಪ್ಪಾಜಿ ಎಂ.ಎ.ಗೆ ಕಳಿಸ್ತಾರಂತೆ ಮೇಡಂ. ಇಲ್ಲಾಂದ್ರೆ ಗಂಡು ನೋಡಿ ಇಟ್ಟಾರೆ," ಎಂದಿದ್ದಳು.

ವಿಭಾಗದ ಮುಖ್ಯಸ್ಥರು ತಿದ್ದಿಕೊಡುವೆನೆಂದು ಪ್ರಬಂಧ ಇಸಕೊಂಡರು. ಆಹ್ವಾನಪತ್ರಿಕೆಯಲ್ಲಿ ನೋಡಿದರೆ ಅವಳ ಶೀರ್ಷಿಕೆಯ ಕೆಳಗೆ ಇವರ ಹೆಸರು, ಅವಳಿಗೆ ಸ್ವಾಗತಗೀತೆ. ಕೇಳಲು ಹೋದೆ.

"ಹುಡುಗಿ ಬರೆದದ್ದು ಅಂದ್ರೆ ಯಾರ್ ಕೇಳ್ತಾರ್ರೀ? ನೀವು ವಂದನಾರ್ಪಣೆ ನೋಡ್ಕೊಳ್ರಿ."

ಮೈಯೆಲ್ಲ ಉರಿದುಹೋಯಿತು. ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ತಿದ್ದುವುದಿರಲಿ, ಪುಣ್ಯಾತ್ಮರು ಅದನ್ನು ಓದಿಯೇ ಇರಲಿಲ್ಲ. ವೇದಿಕೆಯಲ್ಲಿ ಗಂಭೀರವಾಗಿ ಓದುತ್ತ ಏಳನೇ ಪುಟದ ಕೊನೆಗೆ ಬಂದರು: "ನನ್ನನ್ನು ನೋಡಲು ಗಂಡು ಬಂದ ದಿನ ಅಮ್ಮ ತಲೆ ಎತ್ತಬೇಡ ಎಂದಿದ್ದಳು." ಸಭೆ ಗೊಳ್ಳೆಂದಿತು. ಅವರು ಬೆವರೊರೆಸಿಕೊಂಡು ಉಳಿದದ್ದನ್ನು ಬಿಟ್ಟು ಕೂತರು.

ಕೊನೆಗೆ ಮೈಕು ನನ್ನ ಕೈಗೆ ಬಂತು. ಶಾಮಿಯಾನದವರನ್ನೂ ಅಡುಗೆಯವರನ್ನೂ ನೆನೆದೆ. ವಂದನಾರ್ಪಣೆಗೆ ಅಡ್ಡ ಬರುವ ಪದ್ಧತಿ ನಮ್ಮಲ್ಲಿಲ್ಲ.

"ಈ ಪ್ರಬಂಧ ಬರೆದ ಚೈತ್ರಾಗೆ ವಂದನೆ. ಏಳು ಪುಟ ಓದಿಕೊಟ್ಟ ಮುಖ್ಯಸ್ಥರಿಗೂ ವಂದನೆ. ಉಳಿದ ನಾಲ್ಕನ್ನು ಬರೆದವಳೇ ಓದುತ್ತಾಳೆ," ಎಂದೆ.

ಮುಖ್ಯಸ್ಥರು ಇಂಗು ತಿಂದ ಮಂಗನಂತಾದರು. ಆ ಮುಖವನ್ನು ನೆನೆದು ಇಂದಿಗೂ ಸುಖಪಡುತ್ತೇನೆ. ಚೈತ್ರಾ ಮುಖ್ಯಸ್ಥರ ಕೈಯಿಂದಲೇ ಹಾಳೆ ಇಸಕೊಂಡು ಓದಿದಳು. ಒಬ್ಬರೂ ಊಟಕ್ಕೆ ಏಳಲಿಲ್ಲ.

ಹಿಂದಿನ ಸಾಲಿನಿಂದ ಅವಳ ತಂದೆ ನನ್ನ ಬಳಿ ಬಂದರು. "ಇಂಗ್ಲಿಷ್ ನಂಗೆ ತಿಳೀಲಿಲ್ರೀ ಮೇಡಂ. ಊಟ ಬಿಟ್ಟು ಜನ ಕುಂತಿದ್ದು ನೋಡಿದೆ. ಎಂ.ಎ. ಅರ್ಜಿ ಯಾವಾಗ ಹಾಕಾಕೆ ಬರ್ತೈತೆ?"

ಹೆಂಗಸರಿಗೆಂದು ಬಿಟ್ಟುಕೊಟ್ಟ ಸಣ್ಣ ಜಾಗವನ್ನು ಗಂಡಸರು ಕಾವಲು ಕಾಯುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮರುವರ್ಷ ನನ್ನ ಬೀಳ್ಕೊಡುಗೆಯ ಕಾರ್ಯಕ್ರಮಪಟ್ಟಿ ಬರೆಯಲು ನನಗೇ ಹೇಳಿದರು. ವಂದನಾರ್ಪಣೆಯ ಮುಂದೆ ಮುಖ್ಯಸ್ಥರ ಹೆಸರು ಬರೆದೆ. ಆ ದಿನ ಕೊನೆಗೆ ಜನ ಊಟಕ್ಕೆ ಏಳುತ್ತಿದ್ದರು. ಮುಖ್ಯಸ್ಥರು ಶಾಮಿಯಾನದವರ ಹೆಸರು ಓದುತ್ತಿದ್ದರು.